ಮನೆಯೊಳಗಣ ಇಂಗ್ಲಿಷು

ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೂ ಅನೇಕ ವಿದ್ಯಾವಂತರ ಗೃಹಗಳಲ್ಲಿ ತೊದಲುವ ಶಿಶುವಿಗೂ ಈಗ 'ಕಮ್', 'ಸಿಟ್', 'ಈಟ್' ಎಂಬ ಅಪ್ಪಣೆಗಳೇ ಬೀಳುತ್ತಿವೆ. ಬರಿಯ ಅಪ್ಪಣೆಯಿಂದ ಭಾಷೆ ಬರುವುದೆಂದು ಈ ತಂದೆತಾಯಿಗಳಿಗೆ ಹೇಳಿದವರಾರು? ಕಥೆ ಹೇಳುವುದಕ್ಕೂ ರಮಿಸುವುದಕ್ಕೂ ಬೇಕಾದಷ್ಟು ಇಂಗ್ಲಿಷು ಹಿರಿಯರಲ್ಲಿಯೇ ಇಲ್ಲ; ಇರುವ ಕನ್ನಡವನ್ನೂ ಅಡಗಿಸಿದರೆ ಮಗುವಿನ ಪಾಲಿಗೆ ಉಳಿಯುವುದೇನು?

ಮನೆಮಾತು ಪರಭಾಷೆಗೆ ಅಡ್ಡಿಯೆಂಬವರು ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯನ್ನು ನೋಡಲಿ. ಅಲ್ಲಿ ೧೯೦೫ರಲ್ಲಿ ಜನಿಸಿದ ಪು. ತಿ. ನರಸಿಂಹಾಚಾರ್ಯರ ಮನೆಮಾತು ತಮಿಳು. ಅವರು ಕವಿಯಾದುದು ಕನ್ನಡದಲ್ಲಿ. ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನ ಎ. ಎನ್. ಮೂರ್ತಿರಾಯರು ಕಾಲೇಜಿನಲ್ಲಿ ಇಂಗ್ಲಿಷು ಬೋಧಿಸಿ, ಕನ್ನಡದಲ್ಲಿ ಪ್ರಬಂಧಗಳನ್ನು ಬರೆದರು.

ಹಿಂದೆ ಬಾಲಕರು ಅಮರಕೋಶವನ್ನು ಕಿವಿಯಿಂದಲೇ ಕಲಿತರು; ಅದಕ್ಕಾಗಿ ತಾಯಿ ಅಡಿಗೆಮನೆಯಲ್ಲಿ ಸಂಸ್ಕೃತವಾಡಲಿಲ್ಲವಷ್ಟೆ! ಇಂಗ್ಲಿಷಿಗೂ ಸಂಜೆಯ ಅರ್ಧ ಗಂಟೆ ಸಾಕು. ಸ್ಪಷ್ಟವಾಗಿ ಓದಬಲ್ಲವರೊಬ್ಬರು ಚಿಕ್ಕ ಕಥೆಯೊಂದನ್ನು ಓದಲಿ. ಅದನ್ನೇ ಮಗು ಅಜ್ಜಿಗೆ ಕನ್ನಡದಲ್ಲಿ ಹೇಳಲಿ. ಅಜ್ಜಿ ನಕ್ಕರೆ ಮಗುವಿಗೆ ಕಥೆ ತಿಳಿದಿದೆಯೆಂದರ್ಥ.