ಹಾಡು ನಿಮ್ಮದು, ಹೆಸರು ಯಾರದು?

ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಕನ್ನಡದ ಹುಡುಗ ಹುಡುಗಿಯರೇ, ನಿಮ್ಮ ಮೊಬೈಲು ತೆಗೆಯಿರಿ. ನಿನ್ನೆ ರಾತ್ರಿ ಹತ್ತು ಸಲ ಕೇಳಿದ ಕನ್ನಡ ಹಾಡು ಹಚ್ಚಿರಿ. ಸಿನಿಮಾ ಹಾಡು ಬೇಡ. ಸಿನಿಮಾದ ಹಂಗಿಲ್ಲದೆ ಒಂದೇ ಹಾಡಾಗಿ ಬರುತ್ತದಲ್ಲ, ನೀವು ಸಿಂಗಲ್ ಅನ್ನುತ್ತೀರಲ್ಲ, ಗಿಟಾರಿನ ಮೇಲೆ ನಿಧಾನಕ್ಕೆ ಹರಿಯುವ ವಿರಹದ ಹಾಡು, ಅದು. ಈಗ ಹೇಳಿ: ಹಾಡಿನ ಹೆಸರು ಯಾವ ಲಿಪಿಯಲ್ಲಿದೆ? ಬರೆದವರು ಯಾರು?

ಮೊದಲನೆಯದಕ್ಕೆ ಉತ್ತರ ಹೆಚ್ಚಾಗಿ ಇಂಗ್ಲಿಷ್. ಎರಡನೆಯದಕ್ಕೆ ತಲೆ ಕೆರೆದುಕೊಳ್ಳುತ್ತೀರಿ. ಹಾಡಿದವನ ಮುಖ ಗೊತ್ತು, ಕುಣಿದವಳ ಸೀರೆಯ ಬಣ್ಣ ಗೊತ್ತು. ಎದೆಗೆ ನಾಟಿದ ಆ ಮಾತು ಯಾರದು, ಅದು ಗೊತ್ತಿಲ್ಲ!

ನಾನು ಬಸವನ ಬಾಗೇವಾಡಿಯಲ್ಲಿ ಪ್ರೆಸ್ಸು ನಡೆಸುವವನು. ಪಿಯುಸಿಗೆ ಓದು ಮುಗಿಸಿ ಅಪ್ಪನ ಟ್ರೆಡಲ್ ಮಷೀನಿನ ಮುಂದೆ ನಿಂತವನು. ನನಗೆ ಸಂಗೀತ ಬಾರದು. ಆದರೆ ಮಾಡಿದ ಕೆಲಸದ ಮೇಲೆ ಹೆಸರು ಯಾಕೆ ಇರಬೇಕು ಎಂಬುದು ಗೊತ್ತು. ಬ್ರಿಟಿಷರ 1867ರ ಕಾಯ್ದೆ, ಅಚ್ಚಾದ ಪುಸ್ತಕ ಪತ್ರಿಕೆಗಳ ಮೇಲೆ ಮುದ್ರಕನ ಹೆಸರು, ಊರು ಇರಲೇಬೇಕು ಎಂದಿತು. ನಮ್ಮ ಮೇಲೆ ಕಣ್ಣಿಡಲು ತಂದದ್ದು, ಇರಲಿ. 2023ರ ಹೊಸ ಕಾಯ್ದೆ ಅದರ ಜಾಗಕ್ಕೆ ಬಂದಿದೆ. ಧ್ವನಿಮುದ್ರಣಕ್ಕೂ ಕೃತಿಸ್ವಾಮ್ಯ ಕಾಯ್ದೆಯಲ್ಲಿ 1984ರಲ್ಲಿ 52ಎ ಎಂಬ ಕಲಮು ಸೇರಿತು. ತಯಾರಿಸಿದವರ ಹೆಸರು ವಿಳಾಸ, ಹಕ್ಕುದಾರರ ಹೆಸರು ವಿಳಾಸ, ಮೊದಲು ಹೊರಬಂದ ವರ್ಷ, ಇಷ್ಟು ಕಡ್ಡಾಯ. ಕವಿಯ ಹೆಸರು ಕಡ್ಡಾಯವಲ್ಲ, ನೋಡಿದಿರಾ!

ಆದರೂ ನಮ್ಮ ಭಾವಗೀತೆಯವರು ಕಾನೂನು ಕೇಳಿ ಕವಿಯ ಹೆಸರು ಹಾಕಲಿಲ್ಲ. 1978ರಲ್ಲಿ 'ನಿತ್ಯೋತ್ಸವ' ಬಂತು, ಕನ್ನಡದ ಮೊದಲ ಭಾವಗೀತೆ ಧ್ವನಿಸುರುಳಿ. ಕವಿತೆ ಕೆ.ಎಸ್. ನಿಸಾರ್ ಅಹಮದ್ ಅವರದು, ರಾಗ ಮೈಸೂರು ಅನಂತಸ್ವಾಮಿ ಅವರದು. ಆ ಎರಡು ಹೆಸರು ಇವತ್ತಿಗೂ ಒಟ್ಟಿಗೇ ಬಾಯಿಗೆ ಬರುತ್ತವೆ. ಕ್ಯಾಸೆಟ್ ಡಬ್ಬಿಯೊಳಗೆ ಮಡಿಸಿಟ್ಟ ಆ ಕಾಗದದ ತುಂಡು ಎಷ್ಟೋ ಮನೆಗಳಲ್ಲಿ ಕವಿಗಳನ್ನು ಪರಿಚಯ ಮಾಡಿಸಿತು. ಕ್ಯಾಸೆಟ್ ಹೋಯಿತು, ಸಿಡಿ ಹೋಯಿತು, ಕಾಗದವೂ ಹೋಯಿತು.

ಕಾಗದಕ್ಕೂ ಮುಂಚೆ ನಮ್ಮವರು ಹೆಸರನ್ನು ಹಾಡಿನ ಒಳಗೇ ಹೊಲಿದಿಟ್ಟಿದ್ದರು. ನಮ್ಮೂರಲ್ಲಿ ಹುಟ್ಟಿದ ಬಸವಣ್ಣನವರ ವಚನಕ್ಕೆ ಕೂಡಲಸಂಗಮದೇವ, ಅಕ್ಕನದಕ್ಕೆ ಚೆನ್ನಮಲ್ಲಿಕಾರ್ಜುನ. ಅಂಕಿತ ಇಲ್ಲದಿದ್ದರೆ ಫ.ಗು. ಹಳಕಟ್ಟಿಯವರು ಆ ತಾಡೋಲೆಗಳ ರಾಶಿಯಲ್ಲಿ ಯಾವ ವಚನ ಯಾರದು ಎಂದು ಹೇಗೆ ಬೇರ್ಪಡಿಸಬೇಕಿತ್ತು? (1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಎಂಬ ಪ್ರೆಸ್ಸನ್ನೇ ಇಟ್ಟರು ಪುಣ್ಯಾತ್ಮ. ನಮ್ಮ ಕಸುಬಿನ ಹಿರಿಯರು.) ನೀವು ಬ್ಯಾಲಡ್ ಅನ್ನುವುದಕ್ಕೆ ನಾವು ಲಾವಣಿ ಅನ್ನುತ್ತೇವೆ. ಹತ್ತನೇ ಇಯತ್ತೆಯಲ್ಲಿ ಓದಿದ ಹಲಗಲಿ ಬೇಡರ ಲಾವಣಿ ನೆನಪಿದೆಯೇ? ಅದರಲ್ಲೂ ಕುರ್ತಕೋಟಿ ಕಲ್ಮೇಶನ ಅಂಕಿತವಿದೆ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮೋಫೋನಿಗೆ ಹಾಡಿದ ಗೌಹರ್ ಜಾನ್ ತಟ್ಟೆಯ ಕೊನೆಗೆ ತನ್ನ ಹೆಸರನ್ನು ಜೋರಾಗಿ ಕೂಗಿ ಹೇಳಿದಳು. ಜರ್ಮನಿಯ ಕಾರ್ಖಾನೆಯಲ್ಲಿ ಚೀಟಿ ಅಂಟಿಸುವವನಿಗೆ ತಿಳಿಯಲಿ ಅಂತ! ನಮ್ಮ ಬೀಳಗಿಯ ಅಮೀರ್‌ಬಾಯಿ ಮುಂಬೈಗೆ ಹೋಗಿ 1943ರ 'ಕಿಸ್ಮತ್' ಚಿತ್ರಕ್ಕೆ ಹಿಂದಿ ಹಾಡಿದಾಗಲೂ 'ಕರ್ನಾಟಕಿ' ಎಂಬುದನ್ನು ಹೆಸರಿನಿಂದ ಕಳಚಲಿಲ್ಲ.

ಈಗ ನಿಮ್ಮ ಕಾಲಕ್ಕೆ ಬರೋಣ. ಸಿಂಗಲ್ ಹೇಗೆ ಆಗುತ್ತದೆ? ಮೊದಲು ರಾಗ ಬರುತ್ತದೆ. ಅರ್ಥವಿಲ್ಲದ 'ಲಾಲಾ' ತುಂಬಿ ಅಳತೆ ಕೊಡುತ್ತಾರೆ. ಆ ಅಳತೆಯೊಳಗೆ ಕನ್ನಡ ಕೂರಿಸುವುದು ಸುಮ್ಮನಲ್ಲ. ನಮ್ಮ ಮಾತಿಗೆ ವಿಭಕ್ತಿ ಬಾಲ, ನಡುವೆ ಒತ್ತಕ್ಷರ, ಎಳೆದರೆ ಅರ್ಥವೇ ಬದಲು. ಕಂಪೋಜಿಟರ್ ಸಾಲಿನ ಅಳತೆಗೆ ಮೊಳೆ ಜೋಡಿಸಿದ ಹಾಗೆ ಒಂದೊಂದೇ ಮಾತ್ರೆ ಹೊಂದಿಸಬೇಕು. ಎಲ್ಲರಿಗಿಂತ ಮೊದಲು ಬೆವರಿದ ಈ ಮನುಷ್ಯನೇ ಕೊನೆಗೆ ಕಾಣೆ! ಆಮೇಲೆ ಹಾಡಿಸುತ್ತಾರೆ, ಮಿಕ್ಸಿಂಗ್ ಮಾಸ್ಟರಿಂಗ್ ಮಾಡಿಸುತ್ತಾರೆ, ಹಾಡಿಗೆ ಐಎಸ್‌ಆರ್‌ಸಿ ಎಂಬ 12 ಅಕ್ಷರ-ಅಂಕಿಗಳ ಗುರುತು ಹಚ್ಚಿ ಎಲ್ಲ ಆ್ಯಪ್‌ಗಳಿಗೂ ಕಳಿಸುತ್ತಾರೆ. ಆಗ ತುಂಬುವ ಅರ್ಜಿಯಲ್ಲಿ ಬರೆದವರ ಹೆಸರಿಗೂ ಜಾಗವಿರುತ್ತದೆ. ಅಲ್ಲಿ ತಪ್ಪಿದರೆ ಮುಂದೆ ಎಲ್ಲ ಕಡೆಯೂ ತಪ್ಪಿದಂತೆ.

ಹೋದ ವರ್ಷ ನಮ್ಮ ತಾಲ್ಲೂಕಿನ ನಾಲ್ಕು ಹುಡುಗರು ಹಾಡಿನ ಬಿಡುಗಡೆಗೆ ಫ್ಲೆಕ್ಸ್ ಮಾಡಿಸಲು ಬಂದರು. "ಕಾಕಾ, ಹೆಸರ ಇಂಗ್ಲೀಷಿನ್ಯಾಗ ಹಾಕ್ರಿ. ಕನ್ನಡದಾಗ ಹಾಕಿದ್ರ ಯಾರ ಹುಡುಕ್ತಾರ್ರೀ?" ಅಂದರು. ಬರೆದವನು ಯಾರೋ ಅಂದೆ. ಹಿಂದೆ ನಿಂತ ಹುಡುಗ ಕೈ ಎತ್ತಿದ. ಫ್ಲೆಕ್ಸಿನಲ್ಲಿ ಊರ ಹಿರಿಯರ ಹನ್ನೊಂದು ಫೋಟೋ ಇತ್ತು, ಅವನ ಹೆಸರಿರಲಿಲ್ಲ. ಬೆಂಗಳೂರಿನ ಒಂದು ಕಂಪನಿಗೆ ಹಾಡು ಕೊಟ್ಟಿದ್ದರಂತೆ. ಕರಾರು ಎಂಟು ಹಾಳೆ, ಪೂರಾ ಇಂಗ್ಲಿಷ್. "ಓದಿದೇನಪಾ?" ಅಂದರೆ, "ಇಲ್ಲರೀ, ತಳಗ ಸಹಿ ಮಾಡಂದ್ರು, ಮಾಡಿದೆ" ಅಂದ.

ಮೊದಲು ಆ ಹುಡುಕುವ ಮಾತು. 'ಮಳೆ' ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಅದನ್ನು ಮಲೆ ಅನ್ನಬಹುದು, ಮಾಲೆ ಅನ್ನಬಹುದು, ಇಂಗ್ಲಿಷಿನವನು ಗಂಡಸು ಎಂದು ಓದುತ್ತಾನೆ! 'ನೀನೇ' ಎಂದು ಪ್ರಿಯತಮೆಗೆ ಬರೆದರೆ ಒಂಬತ್ತು ಆಗುತ್ತದೆ. ಯೂನಿಕೋಡಿನಲ್ಲಿ ಕನ್ನಡ 1991ರಿಂದಲೇ ಇದೆ. ಕನ್ನಡದಲ್ಲಿ ಹೆಸರಿಟ್ಟು, ಬೇಕಾದರೆ ಪಕ್ಕದಲ್ಲಿ ಇಂಗ್ಲಿಷ್ ಹಾಕಿ, ಯಾರು ಬೇಡ ಅಂದರು? ನಮ್ಮ ಭಾಗದ ಕನ್ನಡ ಓಡುವುದಿಲ್ಲ ಅನ್ನುವವರು ಬೆಳಗಾವಿ ಜಿಲ್ಲೆಯ ಮಾಳು ನಿಪನಾಳ ಅವರ 'ನಾ ಡ್ರೈವರ' ಹಾಡು 2025ರಲ್ಲಿ ಬೆಂಗಳೂರಿನ ಮದುವೆ ಮನೆಗಳವರೆಗೂ ಹೋದದ್ದನ್ನು ನೋಡಿಲ್ಲವೇ?

ಈಗ ಆ ಎಂಟು ಹಾಳೆ. ಬ್ಯಾಂಕಿನ ಚಲನ್ ಕನ್ನಡದಲ್ಲಿ ಬೇಕು ಎಂದು ಜಗಳಾಡುತ್ತೇವೆ, ಸರಿಯೇ. ಕನ್ನಡದ ಹಾಡನ್ನು ಕೊಳ್ಳುವ ಕಂಪನಿ ಕನ್ನಡದ ಕರಾರು ಕೊಡಲಿ ಎಂದು ಯಾಕೆ ಕೇಳುವುದಿಲ್ಲ? ತಿಳಿಯದ ಭಾಷೆಯ ಕಾಗದಕ್ಕೆ ಸಹಿ ಹಾಕುವ ಪದವೀಧರನಿಗೂ ಸಾಹುಕಾರನ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ನಮ್ಮ ಮುತ್ತಜ್ಜನಿಗೂ ಏನು ವ್ಯತ್ಯಾಸ? ಕಂಪನಿಗಳು ತಾವಾಗಿ ಕೊಡುವುದಿಲ್ಲ. ಬರೆಯುವವರು, ಹಾಡುವವರು ಒಟ್ಟಾಗಿ ಕೇಳಬೇಕು. ಸಂಘಟನೆಗಳ ಗೆಳೆಯರು ಬೆನ್ನಿಗೆ ನಿಲ್ಲಬೇಕು.

ಅಲ್ಲಿಯವರೆಗೆ ಇಷ್ಟು ತಿಳಿದಿರಿ. 2012ರ ತಿದ್ದುಪಡಿಯ ನಂತರ, ಹಾಡು ಬರೆದವರು ಮತ್ತು ರಾಗ ಹಾಕಿದವರು ಹಕ್ಕು ಮಾರಿದರೂ ರಾಯಧನದಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಕಂಪನಿಗೆ ಬಿಟ್ಟುಕೊಡಲು ಬರುವುದಿಲ್ಲ. 'ಎಲ್ಲ ಬಿಟ್ಟುಕೊಟ್ಟಿದ್ದೇನೆ' ಎಂದು ಬರೆಸಿಕೊಂಡರೂ 18ನೇ ಕಲಮಿನ ಮುಂದೆ ಅದು ನಿಲ್ಲದು. ಅದನ್ನು ವಸೂಲು ಮಾಡಿ ಹಂಚಲೆಂದೇ ಮುಂಬೈಯಲ್ಲಿ 1969ರಿಂದ ಐಪಿಆರ್‌ಎಸ್ ಎಂಬ ಸಂಸ್ಥೆಯಿದೆ. ಬರೆದವನೆಂದು ಹೇಳಿಕೊಳ್ಳುವ ಹಕ್ಕು 57ನೇ ಕಲಮಿನಲ್ಲಿದೆ, ಹಾಡು ಮಾರಿದ ಮೇಲೂ ಅದು ನಿಮ್ಮದೇ. ಇನ್ನು 19ನೇ ಕಲಮು: ಕರಾರು ಬರವಣಿಗೆಯಲ್ಲೇ ಇರಬೇಕು. ಎಷ್ಟು ವರ್ಷಕ್ಕೆ ಎಂದು ಅದರಲ್ಲಿ ಬರೆಯದಿದ್ದರೆ ಐದೇ ವರ್ಷಕ್ಕೆ ಎಂದು ಅರ್ಥ. ಯಾವ ದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ನಿಮ್ಮಲ್ಲಿ ಯಾರಾದರೂ ಹಾಡು ಬರೆದು ಸಹಿ ಹಾಕಿ ಕೊಟ್ಟಿದ್ದರೆ ಇವತ್ತೇ ಆ ಕಾಗದ ಹೊರಗೆ ತೆಗೆದು, ಇಂಗ್ಲಿಷ್ ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ವರ್ಷ ಎಷ್ಟು ಬರೆದಿದೆ ನೋಡಿ.