ಬಾಗಿಲು ತೆರೆಯದ ನೆರೆಮನೆ

ಗೋಡೆಯ ಈಚೆಗೆ ಒಂದು ಗಣಕಯಂತ್ರ, ಆಚೆಗೆ ಇನ್ನೊಂದು. ನಡುವಣ ಅಂತರ ಇಪ್ಪತ್ತೇ ಅಡಿ. ಆದರೂ ಅಲ್ಲಿಯ ಕಡತ ಇಲ್ಲಿಗೆ ಬಾರದು! ಅಮೆರಿಕದಲ್ಲಿರುವ ಮಗನ ಮುಖವನ್ನು ಕ್ಷಣಾರ್ಧದಲ್ಲಿ ತೋರಿಸುವ ಯಂತ್ರವು ಪಕ್ಕದ ಕೊಠಡಿಯ ಒಂದು ಪಟ್ಟಿಯನ್ನು ತಂದುಕೊಡಲಾರದೆ ಕೈಚೆಲ್ಲುವುದೆಂದರೆ ಸೋಜಿಗವಲ್ಲವೆ? ಆದರೆ ಇದು ಶಾಲೆಗಳಲ್ಲಿ, ಸಣ್ಣ ಕಚೇರಿಗಳಲ್ಲಿ, ಎರಡು ಮೂರು ಯಂತ್ರಗಳಿರುವ ಮನೆಗಳಲ್ಲಿಯೂ ನಿತ್ಯ ನಡೆಯುವ ಸಂಗತಿ.

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಇಲ್ಲಿಯ ಪ್ರೌಢಶಾಲೆಗಳಿಗೂ, ರಾಜ್ಯದ ಇತರ ಶಾಲೆಗಳಿಗೆ ಬಂದಂತೆಯೇ, ಗಣಕಯಂತ್ರಗಳು ಒಂದೇ ದಿನ ಬಂದವಲ್ಲ. ಒಂದು ಯೋಜನೆಯಲ್ಲಿ ಕೆಲವು, ದಾನಿಗಳಿಂದ ಕೆಲವು, ಹೀಗೆ ಬಂದು ಸೇರಿದವು. ಕೆಲವಕ್ಕೆ ವಿಂಡೋಸ್, ಕೆಲವಕ್ಕೆ ಉಬುಂಟು. 2011ರಲ್ಲಿ ಆರಂಭವಾದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ರಾಜ್ಯದ ಅನೇಕ ಅಧ್ಯಾಪಕರು ಉಬುಂಟು ಎಂಬ ಈ ಮುಕ್ತ ತಂತ್ರಾಂಶವನ್ನು ಕಲಿತುಕೊಂಡರು. ಒಂದೇ ಚಾವಣಿಯಡಿ ಹಲವು ಜಾತಿಯ ಯಂತ್ರಗಳು ಕೂಡಿದ್ದು ಹೀಗೆ.

ಮೂರು ಪ್ರತಿಗಳ ಅಪಾಯ

ಪಾವಗಡದ ಕಡೆಯ ಒಂದು ಪ್ರೌಢಶಾಲೆಯನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬಹುದು. ಎಸ್‌ಎಸ್‌ಎಲ್‌ಸಿ ವಿದ್ಯಾರ್ಥಿಗಳ ಹೆಸರು ಮತ್ತು ಜನ್ಮದಿನಾಂಕಗಳನ್ನು ತಿದ್ದಿ ಕಳುಹಿಸಲು ಅಂದೇ ಕಡೆಯ ದಿನ. ಪಟ್ಟಿ ಇರುವುದು ಪ್ರಯೋಗಾಲಯದ ಉಬುಂಟು ಯಂತ್ರದಲ್ಲಿ. ಅದನ್ನು ಕಳುಹಿಸಬೇಕಾದದ್ದು ಗುಮಾಸ್ತರ ಹೊಸ ವಿಂಡೋಸ್ 11 ಯಂತ್ರದಿಂದ. ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ವಿಂಡೋಸ್ ಎಕ್ಸ್‌ಪಿ ಕಾಲದ ಮುದಿಯಂತ್ರವೊಂದಿದೆ. ಜಾಲ ತೆರೆಯದಿದ್ದಾಗಲೆಲ್ಲ ಪೆನ್‌ಡ್ರೈವ್ ಓಡಾಡಿದೆ. ಅದರ ಫಲವಾಗಿ ಒಂದೇ ಪಟ್ಟಿಗೆ ಮೂರು ಪ್ರತಿಗಳು.

ಮೂರರಲ್ಲಿ ಸರಿಯಾದದ್ದು ಯಾವುದು? ತಾರೀಖು ನೋಡಿ ಹೇಳಬಹುದಲ್ಲ ಎಂದರೆ, ಅದೂ ಮೋಸವೇ. ಹಳೆಯ ಯಂತ್ರದೊಳಗಿನ ಬಿಲ್ಲೆಯಂಥ ಸಣ್ಣ ಸೆಲ್ ಸತ್ತಿದ್ದರೆ, ವಿದ್ಯುತ್ತು ಹೋಗಿ ಬಂದಾಗಲೆಲ್ಲ ಅದರ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಸರಿಯುತ್ತದೆ. ನಿನ್ನೆ ತಿದ್ದಿದ ಪಟ್ಟಿ ಅಲ್ಲಿ ಹತ್ತು ವರ್ಷ ಹಳೆಯದೆಂದು ತೋರಬಹುದು. ಹಳೆಯ ಪ್ರತಿಯೇ ಹೊಸದೆಂದು ಮುಂದಕ್ಕೆ ಹೋಗಬಹುದು. ಜನ್ಮದಿನಾಂಕಕ್ಕೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನೇ ಆಧಾರವಾಗಿ ಕೇಳುವುದು ವಾಡಿಕೆ. ಅಲ್ಲಿ ನುಸುಳಿದ ಒಂದು ತಪ್ಪು ಅಂಕಿ ಮಗುವನ್ನು ನೌಕರಿಯವರೆಗೂ ಬೆನ್ನಟ್ಟುತ್ತದೆ. ಆದುದರಿಂದ ಒಂದು ಕಡತ, ಒಂದು ಸ್ಥಳ, ಎಲ್ಲರಿಗೂ ಅದೇ ಎಂಬ ಏರ್ಪಾಡು ಅಗತ್ಯ. ಜಾಲದ ಪ್ರಯೋಜನವೂ ಅದೇ.

ಕೆಳಗಿನಿಂದ ಮೇಲಕ್ಕೆ

ಜಾಲ ಕೆಟ್ಟಿತೆಂದೊಡನೆ ಕೈಗೆ ಸಿಕ್ಕಿದ್ದನ್ನೆಲ್ಲ ಒತ್ತುವುದು ಮನುಷ್ಯ ಸ್ವಭಾವ. ನಾಲ್ಕು ಬದಲಾವಣೆಗಳನ್ನು ಒಟ್ಟಿಗೆ ಮಾಡಿದರೆ, ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯದು. ಒಂದು ಬಾರಿಗೆ ಒಂದೇ ಪ್ರಶ್ನೆ, ಅದೂ ಕೆಳಗಿನಿಂದ ಮೇಲಕ್ಕೆ ಎಂಬುದು ಬಲ್ಲವರ ಕ್ರಮ.

ಮೊದಲನೆಯದು, ದಾರಿ ಇದೆಯೆ? ಕೇಬಲ್ ಸಿಕ್ಕಿಸಿದ ಕಡೆ ದೀಪ ಮಿನುಗುತ್ತಿದೆಯೇ ಎಂದು ನೋಡಬೇಕು. ಬಳಿಕ ಪ್ರತಿಯೊಂದು ಯಂತ್ರದ ಐಪಿ ವಿಳಾಸವನ್ನೂ ನೋಡಬೇಕು. ಅದು 169.254 ಎಂದು ಆರಂಭವಾಗಿದ್ದರೆ, ವಿಳಾಸ ಹಂಚುವ ರೂಟರ್ ಉತ್ತರಿಸದೆ ಯಂತ್ರವೇ ತನಗೊಂದು ವಿಳಾಸ ಕಟ್ಟಿಕೊಂಡಿದೆ ಎಂದರ್ಥ. ವಿದ್ಯುತ್ತು ಹೋಗಿ ಬಂದ ಮೇಲೆ ಯಂತ್ರಗಳ ವಿಳಾಸ ಬದಲಾಗುವುದೂ ಉಂಟು; ನಿನ್ನೆಯ ವಿಳಾಸ ಹಿಡಿದು ಇಂದು ಹೋದವರಿಗೆ ಬೇರೆ ಮನೆ ಸಿಗುತ್ತದೆ, ಇಲ್ಲವೆ ಬಯಲು. ಕಡತವಿರುವ ಯಂತ್ರಕ್ಕೆ ರೂಟರಿನಲ್ಲಿ ಒಂದು ವಿಳಾಸವನ್ನು ಕಾಯ್ದಿರಿಸಿದರೆ ಈ ತೊಡಕು ತೀರುತ್ತದೆ.

ಎರಡನೆಯದು, ಮನೆಯಲ್ಲಿ ಯಾರಾದರೂ ಇದ್ದಾರೆಯೆ? ಜಾಲದ ಪಟ್ಟಿಯಲ್ಲಿ ಹೆಸರು ಕಾಣದಿದ್ದರೆ ಯಂತ್ರವೇ ಇಲ್ಲವೆಂದು ತಿಳಿಯುವುದು ತಪ್ಪು. ನೆರೆಯವರ ಪಟ್ಟಿ ತಯಾರಿಸುವ ಹಳೆಯ ವಿಧಾನವನ್ನು ಹೊಸ ವಿಂಡೋಸ್ ಕೈಬಿಟ್ಟಿದೆ. ಪಟ್ಟಿಯಲ್ಲಿ ಕಾಣದ ಯಂತ್ರವೂ ವಿಳಾಸವನ್ನು ನೇರವಾಗಿ ಬರೆದರೆ ಬಾಗಿಲು ತೆರೆಯುವುದುಂಟು. ‘ಪಿಂಗ್’ ಎಂದು ಕೂಗಿ ನೋಡಬಹುದು. ಆದರೆ ಕಾವಲಿನವನ ಅಪ್ಪಣೆಯಿಂದ ಒಳಗಿನವರು ಓಗೊಡದೆ ಇರುವ ಸಾಧ್ಯತೆಯೂ ಇರುವುದರಿಂದ ಮೌನವೇ ಕಡೆಯ ತೀರ್ಪಲ್ಲ.

ಮೂರನೆಯದು, ಆ ಕಾವಲಿನವನ ಮಾತೇ. ಅವನ ಹೆಸರು ಫೈರ್‌ವಾಲ್. ಹೊಸ ಜಾಲಕ್ಕೆ ಸೇರಿದ ವಿಂಡೋಸ್ ಅದನ್ನು ‘ಸಾರ್ವಜನಿಕ’ವೆಂದು ಭಾವಿಸಿದರೆ, ಬಸ್ ನಿಲ್ದಾಣದಲ್ಲಿ ಪೆಟ್ಟಿಗೆ ಅಪ್ಪಿಕೊಂಡು ಕೂತ ಪ್ರಯಾಣಿಕನಂತೆ ಏನನ್ನೂ ಹಂಚಿಕೊಳ್ಳುವುದಿಲ್ಲ. ಶಾಲೆಯ ಸ್ವಂತ ಜಾಲವಾದರೆ ಅದನ್ನು ‘ಖಾಸಗಿ’ ಎಂದು ಗುರುತಿಸಿದರೆ ಸಾಕು. ಕಾವಲಿನವನನ್ನೇ ಮನೆಗೆ ಕಳುಹಿಸಬೇಕಾಗಿಲ್ಲ.

ಎರಡು ಭಾಷೆಗಳ ಸಂತೆ

ನಾಲ್ಕನೆಯದು, ಇಬ್ಬರಿಗೂ ಒಂದು ಭಾಷೆ ಬರುತ್ತದೆಯೆ? ಪಾವಗಡ ತಾಲ್ಲೂಕು ಬಹುಮಟ್ಟಿಗೆ ಆಂಧ್ರದಿಂದ ಸುತ್ತುವರಿದಿದೆ. ಅಲ್ಲಿಯ ಸಂತೆಯಲ್ಲಿ ಕನ್ನಡ, ತೆಲುಗು ಎರಡೂ ಕೇಳಿಬರುತ್ತವೆ. ವ್ಯಾಪಾರ ನಿಲ್ಲುವುದಿಲ್ಲ, ಏಕೆಂದರೆ ಇಬ್ಬರಿಗೂ ತಿಳಿದ ಒಂದು ಮಾತು ಅಲ್ಲಿದೆ. ಗಣಕಯಂತ್ರಗಳಿಗೆ ಅಂತಹ ಸಂತೆಯ ಮಾತು ಎಸ್‌ಎಂಬಿ. ಅದು 1980ರ ದಶಕದಲ್ಲಿ ಐಬಿಎಂ ಸಂಸ್ಥೆಯಲ್ಲಿ ಹುಟ್ಟಿ, ವಿಂಡೋಸಿನ ಮನೆಮಾತಾಯಿತು. 1991ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ಆಂಡ್ರ್ಯೂ ಟ್ರಿಜೆಲ್ ಎಂಬ ಸಂಶೋಧನ ವಿದ್ಯಾರ್ಥಿಯು ಯಂತ್ರಗಳ ನಡುವೆ ತಂತಿಯಲ್ಲಿ ಹರಿಯುವ ಮಾತನ್ನು ಕದ್ದು ಕೇಳಿ, ಸಂತೆಯಲ್ಲಿ ಕೂತ ಮಗು ಭಾಷೆ ಕಲಿಯುವಂತೆ, ಅದನ್ನು ಇತರ ಯಂತ್ರಗಳಿಗೂ ಕಲಿಸಲು ಆರಂಭಿಸಿದನು. ಎಸ್, ಎಂ, ಬಿ ಈ ಮೂರು ಅಕ್ಷರಗಳು ಕ್ರಮವಾಗಿ ಬರುವ ಪದವನ್ನು ಹುಡುಕಿ ಆತ ತನ್ನ ತಂತ್ರಾಂಶಕ್ಕೆ ‘ಸಾಂಬಾ’ ಎಂದು ಹೆಸರಿಟ್ಟನು. ಉಬುಂಟು ಯಂತ್ರವು ವಿಂಡೋಸಿನೊಡನೆ ಮಾತನಾಡುವುದು ಈ ಸಾಂಬಾದ ಬಲದಿಂದಲೇ. 2013ರಿಂದ ಆಪಲ್ ಯಂತ್ರಗಳೂ ಕಡತ ಹಂಚಿಕೆಗೆ ಈ ಭಾಷೆಗೇ ಮೊದಲ ಮಣೆ ಹಾಕಿವೆ.

ಆದರೆ ಭಾಷೆಗೂ ವಯಸ್ಸಾಗುತ್ತದೆ. ಎಕ್ಸ್‌ಪಿಗೆ ತಿಳಿದಿರುವುದು ಎಸ್‌ಎಂಬಿಯ ಮೊದಲನೆಯ ರೂಪ ಮಾತ್ರ. ಹೊಸ ವಿಂಡೋಸ್ ಆಗಲಿ, 2019ರಿಂದೀಚಿನ ಸಾಂಬಾ ಆಗಲಿ ಆ ಹಳೆಯ ಮಾತಿಗೆ ತಾವಾಗಿ ಕಿವಿಗೊಡುವುದಿಲ್ಲ. ಅದಕ್ಕೆ ಬಲವಾದ ಕಾರಣವುಂಟು. 2017ರ ಮೇ 12ರಂದು ‘ವನ್ನಾಕ್ರೈ’ ಎಂಬ ಹುಳು ಈ ಹಳೆಯ ಬಾಗಿಲಿನ ಬಿರುಕಿನಿಂದಲೇ ನುಗ್ಗಿ, ಯಂತ್ರದಿಂದ ಯಂತ್ರಕ್ಕೆ ಹರಡಿ, ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಬಿರುಕು ಮುಚ್ಚುವ ತೇಪೆ ಎರಡು ತಿಂಗಳ ಹಿಂದೆಯೇ ಬಂದಿತ್ತು, ಹಾಕಿಕೊಳ್ಳದವರೇ ಬಹುಮಂದಿ. ಆದುದರಿಂದ ಮುದಿಯಂತ್ರವೊಂದರ ಸಲುವಾಗಿ ಎಲ್ಲ ಯಂತ್ರಗಳಲ್ಲಿಯೂ ಹಳೆಯ ರೂಪವನ್ನು ಮತ್ತೆ ತೆರೆಯುವುದು ಮನೆಗೆ ತಾನೇ ಕನ್ನ ಕೊರೆದುಕೊಂಡಂತೆ. ಅದರ ಕಡತಗಳನ್ನು ಒಮ್ಮೆ ಬೇರೆಡೆಗೆ ಸಾಗಿಸಿ, ಅದಕ್ಕೆ ಹಗುರವಾದ ಲಿನಕ್ಸ್ ಒಂದನ್ನು ಹಾಕುವುದು, ಅಥವಾ ಗೌರವದಿಂದ ನಿವೃತ್ತಿ ಕೊಡುವುದು ಲೇಸು.

ಬೀಗ ಎರಡು, ಕೀಲಿ ಎರಡು

ಐದನೆಯದು, ಬಂದವರು ಯಾರು, ಅವರಿಗೆ ಅಧಿಕಾರವಿದೆಯೆ? ಪಾಸ್‌ವರ್ಡ್ ಸರಿಯಾಗಿಯೇ ಇದೆ, ಆದರೂ ಒಳಗೆ ಬಿಡುವುದಿಲ್ಲ ಎಂಬ ಗೋಳಿಗೆ ಕಾರಣಗಳು ಹಲವು. ಉಬುಂಟು ಯಂತ್ರದ ಮುಂದೆ ಕೂತು ಕೆಲಸ ಮಾಡುವ ಪಾಸ್‌ವರ್ಡ್ ಬೇರೆ, ಜಾಲದಿಂದ ಬರುವವರಿಗಾಗಿ ಸಾಂಬಾ ಇಟ್ಟುಕೊಳ್ಳುವ ಪಾಸ್‌ವರ್ಡ್ ಬೇರೆ. ಎರಡನೆಯದನ್ನು ಕೊಡಲು ಮರೆಯುವವರೇ ಹೆಚ್ಚು. ವಿಂಡೋಸ್ ಯಂತ್ರವನ್ನು ತೆರೆಯುವ ನಾಲ್ಕಂಕಿಯ ಪಿನ್ ಆ ಯಂತ್ರಕ್ಕೆ ಮಾತ್ರ ಸಲ್ಲುತ್ತದೆ, ಜಾಲದಲ್ಲಿ ಸಲ್ಲದು. ಪಾಸ್‌ವರ್ಡೇ ಇಲ್ಲದ ಖಾತೆಯನ್ನು ವಿಂಡೋಸ್ ಜಾಲದಿಂದ ಒಳಗೆ ಬಿಡುವುದಿಲ್ಲ. ಹೆಸರು ಹೇಳದ ಅತಿಥಿಯನ್ನು 2024ರ ವಿಂಡೋಸ್ 11 ಪ್ರೊ ಆವೃತ್ತಿಯೂ ನಂಬುವುದಿಲ್ಲ. ಹಿಂದೊಮ್ಮೆ ಬರೆದ ತಪ್ಪು ಪಾಸ್‌ವರ್ಡನ್ನು ವಿಂಡೋಸ್ ನೆನಪಿನಲ್ಲಿಟ್ಟು ಮತ್ತೆ ಮತ್ತೆ ಅದನ್ನೇ ಒಪ್ಪಿಸುವುದೂ ಉಂಟು; ಆ ನೆನಪನ್ನು ಅಳಿಸಬೇಕು.

ಒಳಗೆ ಹೋದ ಮೇಲೂ ಬೀಗ ಎರಡು: ಹಂಚಿಕೆಯ ಅನುಮತಿ ಒಂದು, ಕಡತದ ಅನುಮತಿ ಇನ್ನೊಂದು. ಎರಡೂ ಒಪ್ಪಬೇಕು, ಬಿಗಿಯಾದದ್ದೇ ಗೆಲ್ಲುತ್ತದೆ. ಓದಲು ಬಂದು ಬರೆಯಲು ಬಾರದಿದ್ದರೆ ದೋಷ ಇಲ್ಲಿಯೇ. ಬೇಸತ್ತು ‘ಎಲ್ಲರಿಗೂ ಎಲ್ಲವೂ’ ಎಂದು ತೆರೆದಿಟ್ಟರೆ ಕೆಲಸವೇನೋ ನಡೆದೀತು. ಮಕ್ಕಳ ಜನ್ಮದಿನಾಂಕಗಳನ್ನು ಯಾರು ಬೇಕಾದರೂ ತಿದ್ದಬಹುದು ಎಂದೂ ಆದೀತು.

ಕಡತ ಬಂತು, ಅಕ್ಷರ ಬರಲಿಲ್ಲ

ಇಷ್ಟಾಗಿ ಕಡತ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು! ಇದು ಜಾಲದ ತಪ್ಪಲ್ಲ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಕನ್ನಡದ ರೂಪಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂತಿದ್ದವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ವೇಷ ಕಳಚಿ ಬೀಳುತ್ತದೆ. ಅಂತಹ ಬರಹವನ್ನು ಯೂನಿಕೋಡಿಗೆ ಪರಿವರ್ತಿಸಿಟ್ಟರೆ ಎಲ್ಲ ಯಂತ್ರಗಳಲ್ಲಿಯೂ ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ಕಡತದ ಹೆಸರಿನಲ್ಲಿಯೂ ಎಚ್ಚರ ಬೇಕು: ಉಬುಂಟು ಒಪ್ಪುವ ವಿವರಣ ಚಿಹ್ನೆ, ಪ್ರಶ್ನಾರ್ಥಕ ಚಿಹ್ನೆಗಳನ್ನು ವಿಂಡೋಸ್ ಒಪ್ಪದು.

ಆ ಶಾಲೆಯ ಪಟ್ಟಿಗೆ ಬಂದ ಅಡ್ಡಿ ಐದನೆಯ ಪ್ರಶ್ನೆಯದೆಂದು ಭಾವಿಸಿದರೆ, ಗುಮಾಸ್ತರ ಹೆಸರಿಗೆ ಸಾಂಬಾದಲ್ಲಿ ಒಂದು ಪಾಸ್‌ವರ್ಡ್ ಕೊಡುವುದು ಎರಡು ನಿಮಿಷದ ಕೆಲಸ. ಆ ಬಳಿಕ ಮೂರು ಪ್ರತಿಗಳನ್ನೂ ದಾಖಲಾತಿ ಪುಸ್ತಕದೊಡನೆ ಸಾಲುಸಾಲಾಗಿ ಹೋಲಿಸಿ, ಸರಿಯಾದ ಒಂದನ್ನು ಉಳಿಸಬೇಕು. ಯಾವ ಯಂತ್ರದಲ್ಲಿ ಯಾವ ಕಡತ, ಅದರ ವಿಳಾಸವೇನು, ತಿದ್ದುವ ಅಧಿಕಾರ ಯಾರಿಗೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ಪಾಸ್‌ವರ್ಡನ್ನು ಮಾತ್ರ ಬರೆಯಬಾರದು. ಮುಂದಿನ ವರ್ಷ ಗುಮಾಸ್ತರು ವರ್ಗವಾಗಿ ಹೋದರೂ ಆ ಹಾಳೆ ಅಲ್ಲಿಯೇ ಇರುತ್ತದೆ. ಮಕ್ಕಳು ಹುಟ್ಟಿದ ದಿನವೂ ಹುಟ್ಟಿದ ದಿನವಾಗಿಯೇ ಉಳಿಯುತ್ತದೆ.