ಬೂಟೇ ಇಲ್ಲದವರಿಗೆ ಐದು ಸಾವಿರದ ಇನ್‌ಸೋಲ್ ಯಾಕ್ರಿ?

ಈ ಸಲ ಮೆಣಸಿನಕಾಯಿ ಬಿಟ್ಟು ಕಾಲಿನ ವಿಷಯ ಬರೀತೀನಿ. ನಮ್ಮ ಕೊಳಗಲ್ಲು ಕಡೆ ಹಿಮ್ಮಡಿ ನೋವು ಇಲ್ಲದ ಮನೆ ಕಮ್ಮಿ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ರೆ ಮೊಳೆ ಚುಚ್ಚಿದಂಗೆ, ಆಮೇಲೆ ನಾಲ್ಕು ಹೆಜ್ಜೆ ನಡೆದ್ರೆ ಸಡಿಲ, ಸಂಜೆಗೆ ಮತ್ತೆ ಶುರು.

ಇದಕ್ಕೆ ನಮ್ಮ ಅತ್ತಿಗೆಗೆ ಒಂದು ಅಂಗಡಿಯವರು ಕಂಪ್ಯೂಟರ್ ಮೇಲೆ ಪಾದ ಇಡಿಸಿ, ಕೆಂಪು-ಹಳದಿ ಚಿತ್ರ ತೋರಿಸಿ, "ನಿಮ್ಮ ಪಾದಕ್ಕೇ ಅಳತೆ ಮಾಡಿದ ಇನ್‌ಸೋಲ್, ಐದು ಸಾವಿರ" ಅಂದ್ರು. ಕಳೆ ತೆಗೆಯೋ ಹತ್ತು-ಹನ್ನೆರಡು ಆಳಿನ ಕೂಲಿ ಅದು! ಇಷ್ಟಕ್ಕೂ ಆಕೆ ಹತ್ರ ಬೂಟೇ ಇಲ್ಲ. ಹವಾಯಿ ಚಪ್ಪಲಿ ಮೇಲೆ ಇಟ್ರೆ ಇನ್‌ಸೋಲ್ ನಿಲ್ಲುತ್ತಾ? ಎರೆ ಹೊಲದಾಗೆ ಮಳೆ ಬಿದ್ದ ಮೇಲೆ ಚಪ್ಪಲಿನೇ ಕೈಗೆ ಬರುತ್ತೆ.

ಇನ್‌ಸೋಲ್ ಸುಳ್ಳು ಅಂತ ನಾನು ಹೇಳ್ತಿಲ್ಲ. ರೇಟು ಸುಳ್ಳು. ಆಸ್ಟ್ರೇಲಿಯಾದಲ್ಲಿ 135 ಜನರ ಮೇಲೆ ಇದನ್ನೇ ಪರೀಕ್ಷೆ ಮಾಡಿ 2006ರಲ್ಲಿ ಪ್ರಕಟಿಸಿದ್ದಾರೆ. ಕೆಲವರಿಗೆ ಬರೀ ಮೆತ್ತನೆ ತೆಳು ಫೋಮು, ಕೆಲವರಿಗೆ ರೆಡಿಮೇಡ್, ಉಳಿದವರಿಗೆ ಅಳತೆ ಕೊಟ್ಟು ಮಾಡಿಸಿದ್ದು. ಮೂರು ತಿಂಗಳಿಗೆ ಫೋಮಿಗಿಂತ ಉಳಿದೆರಡರಲ್ಲಿ ಓಡಾಟ ತುಸು ಸಲೀಸಾಯ್ತು, ಆದರೆ ರೆಡಿಮೇಡಿಗೂ ಮಾಡಿಸಿದ್ದಕ್ಕೂ ಹೇಳಿಕೊಳ್ಳೋ ವ್ಯತ್ಯಾಸ ಇಲ್ಲ. ವರ್ಷ ಕಳೆದ ಮೇಲೆ ಮೂರೂ ಗುಂಪು ಹೆಚ್ಚುಕಮ್ಮಿ ಒಂದೇ. ಅಂದ್ಮೇಲೆ ಆ ಕೆಂಪು-ಹಳದಿ ಚಿತ್ರಕ್ಕೆ ದುಡ್ಡು ಯಾಕೆ?

"ಎಕ್ಸ್‌ರೇದಾಗೆ ಮುಳ್ಳು ಬೆಳೆದೈತೆ" ಅಂತ ಹೆದರಿಸೋದು ಇನ್ನೊಂದು. ಆ ಎಲುಬಿನ ಮುಳ್ಳು ಒಂದಿಷ್ಟೂ ನೋವಿಲ್ಲದ ಎಷ್ಟೋ ಜನರಿಗೂ ಇರುತ್ತೆ. ನೋಯೋದು ಹಿಮ್ಮಡಿಯಿಂದ ಬೆರಳಿನವರೆಗೆ ಅಂಗಾಲಲ್ಲಿ ಬಿಗಿದಿರೋ ಪಟ್ಟಿ. ಹದಿನಾರು ಲೀಟರ್ ಸ್ಪ್ರೇ ಟ್ಯಾಂಕ್ ಬೆನ್ನಿಗೆ ಹಾಕ್ಕೊಂಡು ತೆಳು ಚಪ್ಪಲೀಲಿ ದಿನವಿಡೀ ತಿರುಗಿದ್ರೆ, ಸಿಮೆಂಟ್ ಕಣದಾಗೆ ಬರಿಗಾಲಲ್ಲಿ ನಿಂತ್ರೆ, ಆ ಪಟ್ಟಿ ಏನು ಮಾಡಬೇಕು ಹೇಳ್ರಿ.

ಮೊದಲು ಸವೆದ ಹವಾಯಿ ಬಿಸಾಕ್ರಿ. ಹಿಮ್ಮಡಿ ಕಡೆ ದಪ್ಪ ಇರೋ, ಹಿಂದೆ ಪಟ್ಟಿ ಇರೋ ಮೆತ್ತನೆ ಎಂಸಿಆರ್ ಚಪ್ಪಲಿ ತಗೊಳ್ರಿ, ಮನೆ ಒಳಗೂ ಹಾಕ್ರಿ. ಹಾಸಿಗೆಯಿಂದ ಇಳಿಯೋ ಮುಂಚೆ ಕಾಲು ಮಡಚಿ, ಕಾಲ್ಬೆರಳುಗಳನ್ನ ಕೈಯಿಂದ ಮೊಣಕಾಲ ಕಡೆಗೆ ಎಳೆದು ಹತ್ತು ಎಣಿಸ್ರಿ, ಹತ್ತು ಸಲ. ನೋವು ತಡೆಯುವಷ್ಟಾದ ಮೇಲೆ ಗೋಡೆ ಹಿಡಿದು, ಬೆರಳಿನ ಕೆಳಗೆ ಸುತ್ತಿದ ಟವೆಲ್ ಇಟ್ಟು, ಹಿಮ್ಮಡಿ ನಿಧಾನ ಎತ್ತಿ ಇಳಿಸೋದು, ದಿನ ಬಿಟ್ಟು ದಿನ. ತಿಂಗಳುಗಟ್ಟಲೆ ಹಿಡಿಯುತ್ತೆ, ಬೇಸರ ಬರುತ್ತೆ. ಆದರೆ ಬಹಳ ಜನರಿಗೆ ವರ್ಷದೊಳಗೆ ತಾನೇ ಇಳಿಯೋ ನೋವಿದು. ಸೀಜನ್ ಅಂತ ಮೇಲಿಂದ ಮೇಲೆ ಸ್ಟೀರಾಯ್ಡ್ ಸೂಜಿ ಹಾಕಿಸ್ಕೊಂಡ್ರೆ ಅದೇ ಪಟ್ಟಿ ಹರಿಯೋ ಅಪಾಯ ಐತೆ.

ಗಂಡಸರಿಗೊಂದು ಮಾತು. ನಮಗೆ ನೋವಾದ್ರೆ ಬೈಕ್ ಹತ್ತಿ ಬಳ್ಳಾರಿಗೆ ಹೋಗ್ತೀವಿ. ಹೆಂಗಸರಿಗೆ "ಬಿಸಿ ಇಟ್ಟಿಗೆ ಮೇಲೆ ಎಕ್ಕೆ ಎಲೆ ಇಟ್ಟು ಕಾಸ್ಕೋ" ಅಂತೀವಿ. ಇನ್‌ಸೋಲಿಗೆ ಕೊಡೋ ದುಡ್ಡಲ್ಲಿ ಮನೆಯವರಿಗೆಲ್ಲ ಒಳ್ಳೆ ಚಪ್ಪಲಿ ಬರುತ್ತೆ.

ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರ ಲೆಕ್ಕ ಬೇರೆ. ಅವರಿಗೆ ಇಟ್ಟಿಗೆ ಕಾವು ಬೇಡವೇ ಬೇಡ, ಸುಟ್ಟಿದ್ದೂ ಗೊತ್ತಾಗಲ್ಲ. ಅಳತೆಯ ಪಾದರಕ್ಷೆ ನಿಜವಾಗಿ ಬೇಕಾಗೋದು ಅಂಥವರಿಗೆ, ಅದೂ ಡಾಕ್ಟರು ಪಾದ ಮುಟ್ಟಿ ನೋಡಿ ಬರೆದುಕೊಟ್ಟ ಮೇಲೆ.